ಬ್ಯಾಂಕಿನ ಶುಲ್ಕವೂ ತಗಾದೆಯವರ ಕಾಟವೂ

ಈ ಸ್ಮರಣಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ನಿದ್ರಾಹೀನತೆಗಳನ್ನು ಕುರಿತು ವೈದ್ಯಮಿತ್ರರು ಬರೆಯುವುದು ವಾಡಿಕೆ. ವಾಣಿಜ್ಯಶಾಸ್ತ್ರದ ಪದವೀಧರನಾಗಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಆ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲ. ಆದರೆ ರಕ್ತದೊತ್ತಡವನ್ನು ಏರಿಸುವ, ನಿದ್ರೆಯನ್ನು ಕಸಿಯುವ ಕಾರಣಗಳಲ್ಲೊಂದು ನಮ್ಮ ಕಚೇರಿಗಳಿಂದಲೇ ಹೊರಡುತ್ತದೆ ಎಂಬುದನ್ನು ಬಲ್ಲೆ. ಕಂತು ತಪ್ಪಿದ ಮನೆಗೆ ಬೆಳಗಾಗುವ ಮೊದಲೇ ಬರುವ ದೂರವಾಣಿ ಕರೆ, ಖಾತೆಯಲ್ಲಿ ಕಾರಣ ತಿಳಿಯದೆ ಕಳೆದುಹೋಗುವ ಐನೂರು ರೂಪಾಯಿ, ಕಟ್ಟಡದ ಕಾವಲುಗಾರನ ಮುಂದೆ ಕೂಗಿ ಹೋಗುವ ಅಪರಿಚಿತ ಮನುಷ್ಯ, ಇವುಗಳಿಗೆ ಮದ್ದು ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ.

ಒಂದು ಕಾಲದಲ್ಲಿ ಎಲ್ಲ ಬ್ಯಾಂಕುಗಳ ಸೇವಾಶುಲ್ಕವೂ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ದರಗಳನ್ನು ಸೂಚಿಸುತ್ತಿತ್ತು. 1999ರಲ್ಲಿ ಆ ಪದ್ಧತಿ ನಿಂತು, ಪ್ರತಿಯೊಂದು ಬ್ಯಾಂಕೂ ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಪಡೆಯಿತು. ಆದುದರಿಂದ ಶುಲ್ಕ ಹಾಕಿದ ಮಾತ್ರಕ್ಕೆ ಅದು ಅನ್ಯಾಯವೆಂದು ಹೇಳಲಾಗದು. ಬ್ಯಾಂಕು ಪ್ರಕಟಿಸಿದ ಪಟ್ಟಿಯಲ್ಲಿ ಆ ಶುಲ್ಕವಿದೆಯೆ, ಗ್ರಾಹಕನಿಗೆ ಮುಂಚಿತವಾಗಿ ತಿಳಿಸಲಾಗಿದೆಯೆ, ರಿಸರ್ವ್ ಬ್ಯಾಂಕು ಹಾಕಿದ ಎಲ್ಲೆಯೊಳಗಿದೆಯೆ ಎಂಬುದೇ ಪರೀಕ್ಷೆ. ಕೌಂಟರಿನ ಮುಂದೆ ಸಿಟ್ಟಿನಿಂದ ಮಾತನಾಡುವ ಹತ್ತು ಗ್ರಾಹಕರಿಗಿಂತ, ಈ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಬರುವ ಒಬ್ಬನಿಗೆ ನಾವು ಅಧಿಕಾರಿಗಳು ಹೆಚ್ಚು ಅಂಜುತ್ತೇವೆ.

ಕನಿಷ್ಠ ಶಿಲ್ಕಿನ ದಂಡವನ್ನೇ ನೋಡಿ. ರಿಸರ್ವ್ ಬ್ಯಾಂಕು 2014ರ ನವೆಂಬರ್ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಶಿಲ್ಕು ಕಡಿಮೆಯಾದೊಡನೆ ಗ್ರಾಹಕನಿಗೆ ತಿಳಿಸಿ, ಅದನ್ನು ಸರಿಪಡಿಸಿಕೊಳ್ಳಲು ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆಯಾದ ಮೊತ್ತಕ್ಕೆ ಅನುಗುಣವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ದಂಡವೊಂದರ ಕಾರಣದಿಂದಲೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯಕೂಡದು. ಸ್ಟೇಟ್ ಬ್ಯಾಂಕು 2020ರಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕು 2025ರ ಜೂನ್ ತಿಂಗಳಿಂದ ಅದೇ ದಾರಿ ಹಿಡಿಯಿತು. ದಂಡ ವಿಧಿಸುವ ಬ್ಯಾಂಕಿನಲ್ಲಿಯೇ ಇರಬೇಕಾದವರು, ಕನಿಷ್ಠ ಶಿಲ್ಕಿನ ಬಂಧನವಿಲ್ಲದ ಮೂಲಭೂತ ಉಳಿತಾಯ ಖಾತೆಗೆ ಬದಲಾಯಿಸಿಕೊಡುವಂತೆ ಕೇಳಬಹುದು. ಕೇಳದೆ ಅದನ್ನು ಯಾವ ಶಾಖೆಯವರೂ ಹೇಳುವುದಿಲ್ಲ!

ಊರು ಬಿಟ್ಟು ಬಂದ ನಮ್ಮವರಿಗೆ ಇನ್ನೊಂದು ತೊಡಕುಂಟು. ಮುಂಬಯಿಗೋ ಪುಣೆಗೋ ಬರುವ ಮುನ್ನ ಊರಿನ ಸಿಂಡಿಕೇಟ್, ಕಾರ್ಪೊರೇಷನ್ ಅಥವಾ ವಿಜಯಾ ಬ್ಯಾಂಕಿನಲ್ಲಿ ತೆರೆದ ಖಾತೆ ಅಲ್ಲಿಯೇ ಉಳಿದಿರುತ್ತದೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಮರುವರ್ಷ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅಂಥ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ಅದನ್ನು ಮತ್ತೆ ಚಾಲನೆಗೆ ತರಲು ಶುಲ್ಕ ಕೇಳುವಂತೆಯೂ ಇಲ್ಲ. ಹತ್ತು ವರ್ಷ ಕಳೆದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆಯಾದರೂ ಹಕ್ಕು ಅಳಿಯುವುದಿಲ್ಲ. 2023ರಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿದ 'ಉದ್ಗಮ್' ಜಾಲತಾಣದಲ್ಲಿ ತಂದೆ ತಾಯಿಯರ ಹೆಸರು ಹಾಕಿ ಒಮ್ಮೆ ಹುಡುಕುವುದು ಲೇಸು.

ಇನ್ನು ಸಾಲದ ಮಾತು. ಹೋಟೆಲಿನ ಅಡುಗೆ ಕೆಲಸ ಮಾಡುವ, ಕುಂದಾಪುರದ ಕಡೆಯ ತರುಣನೊಬ್ಬ ನಮ್ಮ ಸಂಘದ ಸಭೆ ಮುಗಿದ ಮೇಲೆ ತನ್ನ ಲೆಕ್ಕಪಟ್ಟಿಯನ್ನು ನನ್ನ ಮುಂದೆ ಹರಡಿದ. ತಂಗಿಯ ಮದುವೆಗೆಂದು ತೆಗೆದ ವೈಯಕ್ತಿಕ ಸಾಲ. ಸಂಬಳ ತಡವಾಗಿ ಕಂತು ತಪ್ಪಿತ್ತು. ಸಾಲ ಕೊಟ್ಟವರು ಅದೇ ಕಂತನ್ನು ಒಂದೇ ತಿಂಗಳಲ್ಲಿ ಮೂರು ಸಲ ಅವನ ಖಾತೆಗೆ ಕಳುಹಿಸಿದ್ದರು. ಪ್ರತಿ ಸಲ ಹಿಂದಿರುಗಿದಾಗಲೂ ಅವನ ಖಾತೆಯ ಬ್ಯಾಂಕು 500 ರೂಪಾಯಿ, ಅದರ ಮೇಲೆ ಶೇಕಡಾ 18ರ ತೆರಿಗೆ ಸೇರಿ 590 ರೂಪಾಯಿ ಕಳೆದಿತ್ತು. ಮೂರು ಸಲಕ್ಕೆ 1,770. ಸಾಲ ಕೊಟ್ಟ ಸಂಸ್ಥೆ ತನ್ನ ಪಾಲಿನ ಶುಲ್ಕವನ್ನು ಬೇರೆಯಾಗಿ ಸಾಲಕ್ಕೆ ಸೇರಿಸಿತ್ತು. ಮುಂದಿನ ತಿಂಗಳ ಸಂಬಳ ಬಂದ ಕ್ಷಣವೇ ಈ ಬಾಕಿ ಶುಲ್ಕಗಳು ಅದನ್ನು ನುಂಗಿದವು. ಕಂತಿಗೆ ಹಣ ಸಾಲದೆ ಅದೂ ಹಿಂದಿರುಗಿತು. ಸಾಲಗಾರನನ್ನು ಮುಳುಗಿಸುವುದು ಅನೇಕ ವೇಳೆ ಬಡ್ಡಿಯಲ್ಲ, ಈ ಸುಳಿ.

ಇದರಲ್ಲಿ ಯಾವುದು ಪ್ರಶ್ನಾರ್ಹ? 2024ರ ಅಕ್ಟೋಬರ್ 1ರ ನಂತರ ಮಂಜೂರಾದ ವೈಯಕ್ತಿಕ ಸಾಲಗಳಿಗೆ ಸಾಲದ ಎಲ್ಲ ವೆಚ್ಚಗಳನ್ನೂ ತೋರಿಸುವ ಒಂದು ಮುಖ್ಯ ವಿವರಪತ್ರವನ್ನು ಸಂಸ್ಥೆ ಕೊಡಲೇಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಸುಸ್ತಿಬಡ್ಡಿಯ ವಿಷಯದಲ್ಲಿಯೂ 2023ರ ಆಗಸ್ಟ್ 18ರ ಸುತ್ತೋಲೆ ದೊಡ್ಡ ಬದಲಾವಣೆ ತಂದಿತು. ಮೊದಲು ಕಂತು ತಪ್ಪಿದರೆ ಬಡ್ಡಿಯ ದರಕ್ಕೇ ಶೇಕಡಾ ಎರಡು, ಮೂರು ಸೇರಿಸಿ, ಆ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಎಣಿಸುತ್ತಿದ್ದರು. 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ದಂಡವು ಕೇವಲ ದಂಡಶುಲ್ಕವಾಗಿರಬೇಕು, ಬಡ್ಡಿಯ ರೂಪದಲ್ಲಿರಬಾರದು, ಅದರ ಮೇಲೆ ಬಡ್ಡಿ ಬೆಳೆಯಬಾರದು ಎಂದಾಯಿತು. ಹಳೆಯ ಸಾಲಗಳನ್ನೂ ಅದೇ ವರ್ಷದ ಜೂನ್ ಅಂತ್ಯದೊಳಗೆ ಈ ಪದ್ಧತಿಗೆ ತರಬೇಕಾಗಿತ್ತು. ಕ್ರೆಡಿಟ್ ಕಾರ್ಡಿಗೆ ಮಾತ್ರ ಈ ಸುತ್ತೋಲೆ ಅನ್ವಯಿಸದು. ತರುಣನ ಪಟ್ಟಿಯಲ್ಲಿ ದಂಡಶುಲ್ಕದ ಮೇಲೆ ಬಡ್ಡಿ ಎಣಿಸಿದ್ದುದು ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಹಕ್ಕಿನಿಂದ ಕೇಳಬಹುದು. ಮೂರು ಸಲ ಹಿಂದಿರುಗಿದ ಶುಲ್ಕವನ್ನು ಸೌಜನ್ಯದಿಂದ ಬಿಡುವಂತೆ ಕೋರಬಹುದು. ಹಕ್ಕು ಯಾವುದು, ಕೋರಿಕೆ ಯಾವುದು ಎಂದು ವಿಂಗಡಿಸಿ ಬರೆದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ. ಅವನಿಗೂ ಬಂದಿತು, ಬಡ್ಡಿ ಪೂರ್ತಿ, ಶುಲ್ಕದಲ್ಲಿ ಎರಡು ಸಲದ್ದು ಮರಳಿತು.

ಪತ್ರ ಬರೆಯುವ ಕ್ರಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಸೋಲುವುದೆಲ್ಲ ಇಲ್ಲಿಯೇ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಖಾತೆಯ ಸಂಖ್ಯೆ, ಶುಲ್ಕ ಕಳೆದ ತಾರೀಖು, ಮೊತ್ತ, ಪಾಸ್‌ಬುಕ್ಕಿನಲ್ಲಿ ಅದರ ಮುಂದೆ ಬರೆದ ವಿವರ, ನಿಮ್ಮ ಆಕ್ಷೇಪ, ಬೇಕಾದ ಪರಿಹಾರ, ಇಷ್ಟು ಒಂದು ಪುಟದಲ್ಲಿ ಸಾಕು. ಬೈಗುಳ ಬೇಡ, ಕುಟುಂಬದ ಇತಿಹಾಸವೂ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಬೇಕು. ಮುಂಬಯಿಯ ಶಾಖೆಗಳಲ್ಲಿ 'ಪೋಚ್' ಎಂದರೆ ಎಲ್ಲರಿಗೂ ತಿಳಿಯುತ್ತದೆ. ವಿದ್ಯುನ್ಮಾನ ಅಂಚೆಯಲ್ಲಿ ಕಳುಹಿಸಿದರೆ ದೂರಿನ ಸಂಖ್ಯೆಯನ್ನು ಜೋಪಾನ ಮಾಡಬೇಕು. ಆ ತಾರೀಖಿನಿಂದ 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರ ಬಾಗಿಲು ತೆರೆಯುತ್ತದೆ. 1995ರಲ್ಲಿ ಮೊದಲಾದ ಬ್ಯಾಂಕಿಂಗ್ ಲೋಕಪಾಲ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಏಕೀಕರಿಸಿ, ಯಾವ ಊರಿನ ಶಾಖೆಯ ಮೇಲಿನ ದೂರನ್ನಾದರೂ ಒಂದೇ ಕಡೆ ಸಲ್ಲಿಸುವಂತೆ ಮಾಡಲಾಯಿತು. ಕಾಗದದ ದೂರುಗಳನ್ನು ಚಂಡೀಗಢದ ರಿಸರ್ವ್ ಬ್ಯಾಂಕಿನ ಕೇಂದ್ರ ಯಾವ ಭಾಷೆಯಲ್ಲಿದ್ದರೂ ಸ್ವೀಕರಿಸುತ್ತದೆ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ವಿಚಾರಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಆದರೆ 30 ದಿನ ಮುಗಿದ ಮೇಲೆ ಕಾಲಹರಣ ಮಾಡಬಾರದು; ಅವಧಿ ಮೀರಿತೆಂಬ ಕಾರಣವೊಂದರಿಂದಲೇ ಒಳ್ಳೆಯ ದೂರು ಬಿದ್ದುಹೋಗುತ್ತದೆ.

"ಮಾರಾಯ್ರೆ, ನಾಳೆ ಪೊಲೀಸ್ರು ಬಂದು ಹಿಡ್ಕೊಂಡು ಹೋಗ್ತಾರಂತೆ, ಹೌದಾ?" ಆ ತರುಣನ ಮುಖ್ಯ ಪ್ರಶ್ನೆ ಶುಲ್ಕದ್ದಾಗಿರಲಿಲ್ಲ, ಇದಾಗಿತ್ತು. ತಗಾದೆಯವನು ಅವನ ಹೋಟೆಲಿನ ಮಾಲೀಕರಿಗೂ ಊರಿನ ತಾಯಿಗೂ ಕರೆ ಮಾಡಿದ್ದ. ಸಾಲ ತೀರಿಸಲಾಗದಿರುವುದು ಸ್ವತಃ ಅಪರಾಧವಲ್ಲ. ಅದು ಸಿವಿಲ್ ವ್ಯಾಜ್ಯ. ಆದರೆ ಇಲ್ಲೊಂದು ಎಚ್ಚರ ಬೇಕು. ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಂತೆಯೂ, ಖಾತೆಯಿಂದ ತಾನಾಗಿ ಕಂತು ಕಳೆಯುವ ಆದೇಶ ಹಿಂದಿರುಗಿದರೆ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೆಯ ಕಲಮಿನಂತೆಯೂ ಮೊಕದ್ದಮೆ ಹೂಡಬಹುದು. ಅದಕ್ಕೂ ಮೊದಲು ಲಿಖಿತ ನೋಟೀಸು ಬರಬೇಕು, ಹಣ ಕಟ್ಟಲು 15 ದಿನಗಳ ಅವಕಾಶ ಇರಬೇಕು. ನೋಟೀಸನ್ನು ಹೆದರಿ ಮರಳಿಸದೆ ಪಡೆದು ವಕೀಲರಿಗೆ ತೋರಿಸಬೇಕು. ದೂರವಾಣಿಯಲ್ಲಿ 'ನಾಳೆ ಬಂಧನ' ಎನ್ನುವವನು ಕಾನೂನು ಹೇಳುತ್ತಿಲ್ಲ, ಭಯ ಮಾರುತ್ತಿದ್ದಾನೆ.

ಬ್ಯಾಂಕಿನವನಾಗಿ ಹೇಳುತ್ತೇನೆ: ಕೊಟ್ಟ ಹಣವನ್ನು ಕೇಳುವುದು ಬ್ಯಾಂಕಿನ ಹಕ್ಕು, ಅದು ಠೇವಣಿದಾರರ ಹಣ. ಕೇಳುವ ರೀತಿಗೆ ಮಿತಿಯಿದೆ. 2007ರಲ್ಲಿ ಖಾಸಗಿ ಬ್ಯಾಂಕೊಂದರ ವಾಹನಸಾಲದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಲಪ್ರಯೋಗದ ಆಳುಗಳಿಂದ ವಸೂಲಿ ಮಾಡಿಸುವುದನ್ನು ಕಟುವಾಗಿ ಖಂಡಿಸಿತು. 2008ರಲ್ಲಿ ರಿಸರ್ವ್ ಬ್ಯಾಂಕು ವಸೂಲಿ ಏಜೆಂಟರ ಬಗ್ಗೆ ವಿವರವಾದ ನಿಯಮ ಮಾಡಿತು. ಯಾವ ಏಜೆನ್ಸಿಗೆ ಬಾಕಿ ಒಪ್ಪಿಸಲಾಗಿದೆಯೆಂದು ಬ್ಯಾಂಕು ಸಾಲಗಾರನಿಗೆ ತಿಳಿಸಬೇಕು. ಬರುವವನ ಬಳಿ ಗುರುತುಚೀಟಿಯೂ ಅಧಿಕಾರಪತ್ರವೂ ಇರಬೇಕು. ಸಾಲಗಾರನ ದೂರು ಇತ್ಯರ್ಥವಾಗುವ ತನಕ, ಅದು ಹುರುಳಿಲ್ಲದ ದೂರಲ್ಲದಿದ್ದರೆ, ಆ ಬಾಕಿಯನ್ನು ಏಜೆಂಟರಿಗೆ ಒಪ್ಪಿಸುವಂತಿಲ್ಲ. ಶುಲ್ಕದ ಬಗ್ಗೆ ತಕ್ಷಣ ಲಿಖಿತ ದೂರು ಕೊಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. 2022ರ ಆಗಸ್ಟ್ 12ರ ಸುತ್ತೋಲೆ ಇನ್ನೂ ಸ್ಪಷ್ಟವಾಗಿ, ಬೆಳಗಿನ 8 ಗಂಟೆಗೆ ಮೊದಲು ಮತ್ತು ಸಂಜೆ 7ರ ನಂತರ ಬಾಕಿ ಕೇಳಿ ಕರೆ ಮಾಡಬಾರದು, ಬೆದರಿಸಬಾರದು, ನಾಲ್ಕು ಜನರ ಮುಂದೆ ಅವಮಾನಿಸಬಾರದು, ಬಂಧುಮಿತ್ರರ ನೆಮ್ಮದಿಗೆ ಕೈ ಹಾಕಬಾರದು ಎಂದಿತು. ಏಜೆಂಟನ ನಡತೆಗೆ ಬ್ಯಾಂಕೇ ಹೊಣೆ; 'ಅವನು ನಮ್ಮವನಲ್ಲ' ಎಂದು ಕೈತೊಳೆದುಕೊಳ್ಳಲಾಗದು.

ಆದಕಾರಣ ಬಾಗಿಲಿಗೆ ಬಂದವನೊಡನೆ ಜಗಳ ಬೇಡ. ಹೆಸರು, ಏಜೆನ್ಸಿ, ಗುರುತುಚೀಟಿಯ ಸಂಖ್ಯೆ ಬರೆದುಕೊಂಡು, ಕರೆಗಳ ವೇಳೆಯನ್ನು ಒಂದು ನೋಟುಪುಸ್ತಕದಲ್ಲಿ ಗುರುತಿಸುತ್ತಾ ಬರಬೇಕು. ಅವನ ಕೈಗೆ ನಗದು ಕೊಡಬಾರದು. ಸಾಲದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ಪ್ರಾಣಭಯ, ಮಾನಭಂಗದ ಬೆದರಿಕೆಯಾದರೆ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಡಿ ಪೊಲೀಸರಿಗೆ ದೂರು ಕೊಡಬಹುದು. ಮನೆಯವರಿಂದ ಈ ವಿಷಯವನ್ನು ಮುಚ್ಚಿಡುವುದು ನಮ್ಮ ಜನರ ಅಭ್ಯಾಸ. ತಗಾದೆಯವನ ಬಲವೆಲ್ಲ ಆ ಗುಟ್ಟಿನಲ್ಲಿಯೇ ಇದೆ. ನಿದ್ರೆಗೆಟ್ಟು ಬದುಕೇ ಬೇಡವೆನ್ನಿಸುವ ಸ್ಥಿತಿ ಬಂದವರು 14416ಕ್ಕೆ ಕರೆ ಮಾಡಲಿ. 2022ರಲ್ಲಿ ಮೊದಲಾದ ಈ 'ಟೆಲಿ ಮಾನಸ್' ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಪ್ರಧಾನ ಕೇಂದ್ರ.

ಸಂಘದ ಬಂಧುಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿದೆ. ಊರಿನವನೆಂಬ ಒಂದೇ ಕಾರಣಕ್ಕೆ ಜಾಮೀನಿಗೆ ಸಹಿ ಹಾಕುವ ಔದಾರ್ಯ ನಮ್ಮಲ್ಲಿ ಬಹಳ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಮೊದಲು ಅವನನ್ನೇ ಕೇಳಬೇಕೆಂಬ ನಿಯಮವಿಲ್ಲ. ಇನ್ನೊಂದೆಡೆ, ತಂದೆ ತೀರಿಕೊಂಡರೆ ಜಾಮೀನಿಗೆ ಸಹಿ ಹಾಕದ ಮಗ ತನ್ನ ಸ್ವಂತ ಸಂಬಳದಿಂದ ಆ ಸಾಲ ತೀರಿಸಬೇಕಾಗಿಲ್ಲ. ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಇದನ್ನರಿಯದೆ ಕಟ್ಟುತ್ತಿರುವವರು ಅನೇಕರು.

ಮನೆಯ ಮೇಲೆ ಸಾಲವಿದ್ದರೆ ದಾರಿ ಬೇರೆ. 90 ದಿನ ಬಾಕಿ ಉಳಿದ ಮೇಲೆ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಬರುತ್ತದೆ. ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರ ಕೊಡಬೇಕು. ಆ 60 ದಿನಗಳೇ ಮಾತುಕತೆಯ ಕಾಲ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಟ್ಟು, ನಂತರ ಭಾವಚಿತ್ರ ತಿರುಚಿ ಬೆದರಿಸುವ ಆ್ಯಪುಗಳ ಹಿಂದೆ ನೋಂದಾಯಿತ ಸಂಸ್ಥೆಯೇ ಇಲ್ಲದಿದ್ದರೆ ಲೋಕಪಾಲರಿಂದ ಪ್ರಯೋಜನವಿಲ್ಲ. ಅದು ಸೈಬರ್ ಪೊಲೀಸರ ಕೆಲಸ, ಸಂಖ್ಯೆ 1930. ಊರಿನಲ್ಲಿ ಉಳಿದ ಹಿರಿಯರಿಗೆ ಕಿರುಸಾಲದವರ ಕಾಟವಿದ್ದರೆ, ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ತಂದ ಕಾನೂನು ಬಲವಂತದ ವಸೂಲಿಗೆ ಸೆರೆವಾಸವನ್ನು ವಿಧಿಸಿದೆ.

ಕಡೆಗೆ ಸಾಲ ತೀರಿದ ದಿನದ ಕೆಲಸ. ಕಡಿಮೆ ಮೊತ್ತಕ್ಕೆ ರಾಜಿಯಾದರೆ ಒಪ್ಪಂದದ ಪತ್ರ ಮೊದಲು, ಹಣ ನಂತರ. ಸಾಲಚರಿತ್ರೆಯ ವರದಿಯಲ್ಲಿ ರಾಜಿಯಾದ ಸಾಲವನ್ನು 'ಸೆಟಲ್ಡ್' ಎಂದೂ ಪೂರ್ತಿ ತೀರಿದ್ದನ್ನು 'ಕ್ಲೋಸ್ಡ್' ಎಂದೂ ನಮೂದಿಸುತ್ತಾರೆ. ಮುಂದೆ ಸಾಲ ಕೇಳುವಾಗ ಮೊದಲನೆಯದು ಅಡ್ಡಬರುತ್ತದೆ. ಮನೆಯ ಮೂಲಪತ್ರಗಳನ್ನು ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಬಂದಿದೆ. ಬಾಕಿಯಿಲ್ಲವೆಂಬ ಪತ್ರ ಪಡೆದು, ಎರಡು ತಿಂಗಳ ನಂತರ ಸಾಲಚರಿತ್ರೆಯ ವರದಿಯನ್ನು ತೆಗೆದು ನೋಡಬೇಕು. ವರ್ಷಕ್ಕೊಮ್ಮೆ ಅದು ಉಚಿತ. ತಪ್ಪು ಉಳಿದಿದ್ದು, ದೂರು ಕೊಟ್ಟ 30 ದಿನಗಳಲ್ಲಿ ಸರಿಯಾಗದಿದ್ದರೆ, ಮುಂದಿನ ಪ್ರತಿ ದಿನಕ್ಕೂ 100 ರೂಪಾಯಿ ನಿಮಗೆ ಸಲ್ಲಬೇಕು.