ಯಾರನ್ನೂ ಬಿಟ್ಟುಹೋಗದ ಪ್ರವಾಸ

ಕಳೆದ ನವೆಂಬರ್ 14ರಂದು ಶಿಕಾರಿಪುರ ತಾಲ್ಲೂಕಿನ ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳು ತಾವು ಕಲಿತದ್ದನ್ನು ಪೋಷಕರ ಮುಂದೆ ಹಂಚಿಕೊಂಡರು. ಅಂದು ಮಕ್ಕಳ ದಿನಾಚರಣೆ. ಶಿವಮೊಗ್ಗ ಧರ್ಮಕ್ಷೇತ್ರವು 1988ರಲ್ಲಿ ಸ್ಥಾಪನೆಗೊಂಡದ್ದೂ ಇದೇ ದಿನಾಂಕದಂದು ಎಂದು ಪೂಜ್ಯ ಗುರುಗಳು ನೆನಪಿಸಿದಾಗ ಸಭೆಯಲ್ಲಿ ಚಪ್ಪಾಳೆ ಕೇಳಿಬಂತು. ಕಥೋಲಿಕ ಕುಟುಂಬಗಳ ಮಕ್ಕಳು ನಮ್ಮ ತರಗತಿಯಲ್ಲಿ ಬೆರಳೆಣಿಕೆಯಷ್ಟು. ಉಳಿದವರು ಸುತ್ತಲಿನ ರೈತರ, ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮನೆಯ ಹಿಂದೂ, ಮುಸ್ಲಿಂ ಮಕ್ಕಳು. ಎಲ್ಲರ ತಂದೆತಾಯಂದಿರೂ ಒಂದೇ ಜಮಖಾನೆಯ ಮೇಲೆ ಕುಳಿತು ಮಕ್ಕಳ ಮಾತನ್ನು ಆಲಿಸಿದ್ದು ಸಂತೋಷದ ನೋಟವಾಗಿತ್ತು.

ಗೋಡೆಯ ಮೇಲೆ ಮಕ್ಕಳೇ ಬರೆದ ನಕಾಶೆಯೊಂದಿತ್ತು. ಶಿಕಾರಿಪುರದ ಬಳಿ ಹರಿಯುವ ಕುಮುದ್ವತಿ, ಸೊರಬದ ದಂಡಾವತಿ, ಆ ದಂಡಾವತಿಯನ್ನು ಕೂಡಿಕೊಂಡು ಮುಂದೆ ಸಾಗುವ ವರದಾ, ಕೊನೆಗೆ ಇವೆಲ್ಲವನ್ನೂ ಒಳಗೊಳ್ಳುವ ತುಂಗಭದ್ರೆ ನೀಲಿ ಬಣ್ಣದಲ್ಲಿ ಮೂಡಿದ್ದವು. ಪಕ್ಕದಲ್ಲಿ ಹಕ್ಕಿಗಳ ಚಿತ್ರಪಟ, ಹಳೆಗನ್ನಡ ಶಾಸನದ ಅಕ್ಷರಗಳನ್ನು ಇಂದಿನ ಅಕ್ಷರಗಳೊಡನೆ ಹೋಲಿಸಿದ ಹಾಳೆಗಳು, ಪ್ರವಾಸದ ಖರ್ಚನ್ನು ತಲೆಗೆ ಇಷ್ಟೆಂದು ಭಾಗಿಸಿದ ಲೆಕ್ಕ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ಮಕ್ಕಳು ಗುಂಪಿನಲ್ಲಿ, ಮಾಡುತ್ತಾ ಕಲಿಯಬೇಕೆಂಬುದನ್ನು ನಮಗೆಲ್ಲ ತೋರಿಸಿಕೊಟ್ಟಿದೆ. ನಮ್ಮ ಪ್ರಯತ್ನವೂ ಅದೇ ಹಾದಿಯದು.

ಆದರೆ ಅಂದಿನ ಪ್ರದರ್ಶನದಲ್ಲಿ ಕಾಣದ ಒಂದು ಸಂಗತಿಯುಂಟು. ಅದನ್ನು ಬರೆಯದಿದ್ದರೆ ಈ ಲೇಖನ ಅರ್ಧಸತ್ಯವಾದೀತು.

ಪ್ರವಾಸಕ್ಕೆ ನಾವು ಮೊದಲು ಆರಿಸಿಕೊಂಡದ್ದು ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು. ಬೆಟ್ಟದಲ್ಲಿ ರೇಣುಕಾಂಬೆಯ ಗುಹಾದೇವಾಲಯ, ಮೇಲೆ ಹಳೆಯ ಕೋಟೆ. ಮಕ್ಕಳಿಗೆ ಹತ್ತುವ ಉತ್ಸಾಹ, ನಮಗೆ ಇತಿಹಾಸ ಹೇಳುವ ಉತ್ಸಾಹ. ತರಗತಿಯಲ್ಲಿ ಒಬ್ಬ ಬಾಲಕಿಯಿದ್ದಾಳೆ. ಹುಟ್ಟಿನಿಂದಲೇ ಅವಳ ಒಂದು ಕಾಲಿಗೆ ಬಲ ಸಾಲದು. ಊರುಗೋಲಿನ ಆಸರೆಯಿಂದ ನಿಧಾನವಾಗಿ ನಡೆಯುತ್ತಾಳೆ. ಬೆಟ್ಟ ಹತ್ತುವುದು ಅವಳಿಂದಾಗದು. ಆದ್ದರಿಂದ ಅವಳ ತಾಯಿಯನ್ನು ಕರೆಸಿ, “ಮಗು ದಣಿಯುತ್ತಾಳೆ, ಈ ಸಲ ಕಳುಹಿಸಬೇಡಿ, ಅವಳಿಗೆ ಏನಾದರೂ ತಂದುಕೊಡುತ್ತೇವೆ” ಎಂದೆವು. ಆ ತಾಯಿ ಎದುರಾಡಲಿಲ್ಲ. “ನಿಮಗೆ ತಿಳಿದಂತೆ ಮಾಡಿ ಟೀಚರ್” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದರು. ನಾವು ಅದನ್ನು ಕರುಣೆಯೆಂದೇ ಭಾವಿಸಿದ್ದೆವು.

ಮರುದಿನ ತರಗತಿಯಲ್ಲಿ ಹೆಸರುಗಳ ಪಟ್ಟಿ ಓದಿದಾಗ ಅವಳ ಹೆಸರು ಬರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಭಾನುವಾರದ ಧರ್ಮೋಪದೇಶದಲ್ಲಿ ಅವನು ಸಂತ ಮಾರ್ಕನ ಶುಭಸಂದೇಶದ ಕಥೆಯೊಂದನ್ನು ಕೇಳಿದ್ದ. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತುತಂದು, ಜನಸಂದಣಿಯಲ್ಲಿ ದಾರಿ ಕಾಣದೆ, ಮನೆಯ ಮಾಡನ್ನೇ ತೆರೆದು ಯೇಸುಸ್ವಾಮಿಯ ಮುಂದೆ ಇಳಿಸಿದ ಕಥೆಯದು. “ಟೀಚರ್, ನಾವು ನಾಲ್ಕು ಜನ ಇವಳನ್ನು ಹೊತ್ತುಕೊಂಡು ಹತ್ತುತ್ತೇವೆ” ಎಂದ. ಮೂವರು ಕೈಯೆತ್ತಿದರು. ಅವರಲ್ಲಿ ಇಬ್ಬರು ಆ ಶುಭಸಂದೇಶವನ್ನು ಎಂದೂ ಕೇಳಿದವರಲ್ಲ.

ಆಗ ಆ ಬಾಲಕಿ ಕುಳಿತಲ್ಲಿಂದಲೇ ಹೇಳಿದಳು: “ನನ್ನನ್ನು ಹೊರುವುದು ಬೇಡ. ನಾನು ನಡೆಯಬಹುದಾದ ಕಡೆಗೆ ಹೋಗೋಣ.”

ಇಷ್ಟು ಸರಳವಾದ ಮಾತು ನಮಗಾರಿಗೂ ಹೊಳೆದಿರಲಿಲ್ಲ. ನಾವು ಅವಳನ್ನು ಮನೆಯಲ್ಲಿ ಬಿಡುವ ಮಾತಾಡಿದೆವು, ಮಕ್ಕಳು ಹೊತ್ತೊಯ್ಯುವ ಮಾತಾಡಿದರು. ಅವಳನ್ನೇ ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಅಂದೇ ಸಂಜೆ ಅವಳ ಮನೆಗೆ ಹೋಗಿ ತಾಯಿಯ ಕ್ಷಮೆ ಕೇಳಿದೆವು. ಚಂದ್ರಗುತ್ತಿಯ ಬದಲು ಬಳ್ಳಿಗಾವಿ ಮತ್ತು ಗುಡವಿ ಎಂದು ನಿರ್ಧಾರವಾಯಿತು.

ನವೆಂಬರ್ ಮೊದಲ ವಾರದಲ್ಲಿ ಚಿತ್ರಾನ್ನದ ಬುತ್ತಿಯೊಡನೆ ಹೊರಟ ಬಸ್ಸು ಶಿರಾಳಕೊಪ್ಪವನ್ನು ದಾಟಿ ಬಳ್ಳಿಗಾವಿಯನ್ನು ತಲುಪಿತು. ಇಂದು ಸಣ್ಣ ಹಳ್ಳಿಯಾಗಿ ಕಾಣುವ ಈ ಊರು ಚಾಳುಕ್ಯರ ಕಾಲದಲ್ಲಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ವಚನಕಾರ ಅಲ್ಲಮಪ್ರಭುವಿನ ಹೆಸರು ಬಳ್ಳಿಗಾವಿಯೊಡನೆ ಬೆಸೆದಿದ್ದರೆ, ಅಕ್ಕಮಹಾದೇವಿಯ ಹುಟ್ಟೂರೆಂದು ಪ್ರಸಿದ್ಧವಾದ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಮೂರು ಗರ್ಭಗೃಹಗಳ ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಮಕ್ಕಳು ಶಾಸನಗಳ ಮುಂದೆ ಕುಳಿತು ತಮಗೆ ಪರಿಚಿತವೆನಿಸಿದ ಅಕ್ಷರಗಳನ್ನು ಹುಡುಕಿದರು. “ಇದು ‘ರ’ ಇರಬೇಕು”, “ಅಲ್ಲ, ‘ಗ’” ಎಂಬ ವಾದ ಬಹಳ ಹೊತ್ತು ನಡೆಯಿತು.

ಈ ಸೀಮೆಯ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಪ್ರಕಟಿಸಿದವರು ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು. ಕ್ರೈಸ್ತ ಮಿಷನರಿಯೊಬ್ಬರ ಮಗನಾದ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿದವರು. ಹಳ್ಳಿಯ ಮಕ್ಕಳಿಗೆ ಹೋಬಳಿಗೊಂದು ಶಾಲೆ ಬೇಕೆಂಬ 1868ರ ಹೋಬಳಿ ಶಾಲೆಗಳ ಯೋಜನೆಯೂ ಅವರದೇ. ಕಲ್ಲಿನ ಅಕ್ಷರವನ್ನೂ ಹಲಗೆಯ ಅಕ್ಷರವನ್ನೂ ಒಟ್ಟಿಗೆ ಪ್ರೀತಿಸಿದ ಈ ಮಹನೀಯರನ್ನು ನಾಡಿನ ಪ್ರಾಥಮಿಕ ಶಾಲೆಗಳು ಮರೆಯಬಾರದು.

ಕೇದಾರೇಶ್ವರಕ್ಕೆ ಹೊಂದಿಕೊಂಡಿದ್ದ ಕೋಡಿಯ ಮಠವನ್ನು ಕುರಿತ 1162ರ ಶಾಸನದ ಸಾರವನ್ನು ನಾವು ಮಕ್ಕಳಿಗೆ ತಿಳಿಸಿದೆವು. ಅಲ್ಲಿ ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ನ್ಯಾಯ, ಸಾಂಖ್ಯ, ಮೀಮಾಂಸೆ, ಬೌದ್ಧ ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಬಡವರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಆಶ್ರಯವೂ ಚಿಕಿತ್ಸೆಯೂ ದೊರೆಯುತ್ತಿದ್ದವು. ಸಕಲ ಜೀವಿಗಳಿಗೂ ಅದು ಅಭಯದ ತಾಣವಾಗಿತ್ತು. ಎಂಟೂವರೆ ಶತಮಾನಕ್ಕೂ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಇಂಥ ಸಂಸ್ಥೆಯೊಂದಿತ್ತು ಎಂಬುದು ಯಾವ ಮತದವರಿಗೂ ಹೆಮ್ಮೆಯ ವಿಷಯವೇ. 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟವರು ಈ ಪರಂಪರೆಯನ್ನೇ ನೆನೆದಿರಬೇಕೆಂದು ನಮಗೆ ಅನಿಸಿತು.

‘ಕುಂಟರು’ ಎಂಬ ಮಾತು ಬಾಯಿಂದ ಬಂದಾಗ ನಮಗೆ ಅಳುಕಾಯಿತು. ಮಕ್ಕಳು ಸುಮ್ಮನಿದ್ದರು. ಆ ಬಾಲಕಿ ಮಾತ್ರ ತಲೆಯೆತ್ತಿ ಕೇಳಿದಳು: “ಅವರಿಗೆ ಊಟ ಹಾಕುತ್ತಿದ್ದರು. ಪಾಠವನ್ನೂ ಹೇಳಿಕೊಡುತ್ತಿದ್ದರಾ ಟೀಚರ್?”

ನಾವು ಹೇಳಿದ ಸಾರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಪ್ರಶ್ನೆ ಕೇಳಿದ್ದು ಕಲ್ಲನ್ನಲ್ಲ, ನಮ್ಮನ್ನೇ ಎಂದು ನಾವು ತಿಳಿದೆವು. ಅವಳಿಗೆ “ಏನಾದರೂ ತಂದುಕೊಡುತ್ತೇವೆ” ಎಂದವರು ನಾವೇ ಅಲ್ಲವೇ? ಕೊಡುವುದು ಸುಲಭ. ಜೊತೆಯಲ್ಲಿ ಕರೆದೊಯ್ಯುವುದಕ್ಕೆ ನಮ್ಮ ಯೋಜನೆಯನ್ನೇ ಬದಲಿಸಬೇಕಾಗುತ್ತದೆ.

ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಗುಡವಿ ಪಕ್ಷಿಧಾಮವನ್ನು ಸೇರುವಾಗ ಮಧ್ಯಾಹ್ನ ಕಳೆದಿತ್ತು. ಒಂದು ಚದರ ಕಿಲೋಮೀಟರ್‌ಗೂ ಕಡಿಮೆ ವಿಸ್ತಾರದ ಈ ಧಾಮದ ಕೆರೆಯಲ್ಲಿ, ನೀರೊಳಗೆ ನಿಂತ ಮರಗಳ ಮೇಲೆ, ಮಳೆಗಾಲ ಬಂತೆಂದರೆ ಹಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತಲೂ ನೀರಿರುವುದರಿಂದ ಮರಿಗಳಿಗೆ ನೆಲದ ಶತ್ರುಗಳ ಭಯ ಕಡಿಮೆ, ಗದ್ದೆ ಕೆರೆಗಳಲ್ಲಿ ಮೀನು, ಕಪ್ಪೆ, ಹುಳುಗಳ ಆಹಾರ ಹೇರಳ. ಬಿಳಿ ಐಬಿಸ್, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳನ್ನು ಮಕ್ಕಳು ಗುರುತಿಸಿದರು.

ಮೊದಲು ಓಡಿದ ಗುಂಪಿನ ಗದ್ದಲಕ್ಕೆ ಹತ್ತಿರದ ಹಕ್ಕಿಗಳೆಲ್ಲ ಹಾರಿಹೋದವು. ಆಮೇಲೆ ಮಕ್ಕಳೇ ನಿಯಮವೊಂದನ್ನು ಮಾಡಿಕೊಂಡರು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ, ಉಳಿದವರು ಅವರ ಹಿಂದೆ. ಊರುಗೋಲಿನ ಹಿಂದೆ ಸಾಲಾಗಿ, ಸದ್ದಿಲ್ಲದೆ ನಡೆದು ದಡದಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಹಕ್ಕಿಗಳು ಹಿಂದಿರುಗಿದವು. ಒದ್ದೆ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಒಡ್ಡಿದ್ದ ಹಾವಕ್ಕಿಯನ್ನು ಎಲ್ಲರೂ ಕಣ್ಣಾರೆ ಕಂಡರು. ನವೆಂಬರ್ 14ರಂದು ಪೋಷಕರು ಮೆಚ್ಚಿದ ಹಕ್ಕಿಗಳ ಚಿತ್ರಪಟ ಹುಟ್ಟಿದ್ದು ಆ ಒಂದು ಗಂಟೆಯಲ್ಲಿ.

ವಿದ್ಯೆಯು ಪ್ರತಿಯೊಬ್ಬ ಮನುಷ್ಯನ ಕಸಿದುಕೊಳ್ಳಲಾಗದ ಹಕ್ಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯಿದೆ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆಗಳೂ ಮಕ್ಕಳನ್ನು ಬೇರ್ಪಡಿಸದೆ ಕಲಿಸಬೇಕೆನ್ನುತ್ತವೆ. ಈ ಮಾತುಗಳೆಲ್ಲ ನಮಗೆ ತಿಳಿಯದವೇನಲ್ಲ. ತರಬೇತಿಗಳಲ್ಲಿ ಕೇಳಿದ್ದೇವೆ, ಸಭೆಗಳಲ್ಲಿ ಹೇಳಿಯೂ ಇದ್ದೇವೆ. ಆದರೂ ಒಂದು ಬೆಟ್ಟ ಎದುರಾದಾಗ ಒಂದು ಹೆಸರನ್ನು ಪಟ್ಟಿಯಿಂದ ತೆಗೆಯಲು ನಮಗೆ ಹಿಂಜರಿಕೆಯಾಗಲಿಲ್ಲ. ಶಾಲೆಗೆ ಸೇರಿಸಿಕೊಂಡೆವೆಂದ ಮಾತ್ರಕ್ಕೆ ಮಗು ತರಗತಿಗೆ ಸೇರಿದಂತಾಗದು.

ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೊತ್ತು ತಂದವರ ವಿಶ್ವಾಸವನ್ನು ಕಂಡರಾದರೂ ಮಾತಾಡಿದ್ದು ಮಲಗಿದ್ದವನೊಡನೆ. ಅವನನ್ನೇ ‘ಮಗನೇ’ ಎಂದು ಕರೆದರು. ಅವನು ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಹೊರಟನು. ಹಲವು ಸಲ ಓದಿದ ಈ ಭಾಗದ ಅರ್ಥವನ್ನು ನಾಲ್ಕನೆಯ ತರಗತಿಯ ಮಕ್ಕಳಿಂದ ನಾವು ಹೊಸದಾಗಿ ಕಲಿತೆವು.

ಮುಂದಿನ ವರ್ಷ ತಾಳಗುಂದಕ್ಕೆ ಹೋಗಬೇಕೆಂದು ಮಕ್ಕಳು ಈಗಲೇ ಹಟ ಹಿಡಿದಿದ್ದಾರೆ. ಕಂಚಿಗೆ ವಿದ್ಯೆ ಕಲಿಯಲು ಹೋದ ಮಯೂರಶರ್ಮನ ಕಥೆಯನ್ನು ಹೇಳುವ ಕಂಬ ಅಲ್ಲಿದೆ. ಹೋಗೋಣವೆಂದಿದ್ದೇವೆ. ಈ ಸಲ ಬಸ್ಸಿನ ಬಾಡಿಗೆ ವಿಚಾರಿಸುವುದಕ್ಕೆ ಮೊದಲು, ದಾರಿ ಹೇಗಿದೆ, ಮೆಟ್ಟಿಲುಗಳೆಷ್ಟು ಎಂದು ನೋಡಿ ಬಂದು, ಆ ಬಾಲಕಿಯನ್ನು ಕೇಳಲಿದ್ದೇವೆ. ತಮ್ಮ ಊರಿನ ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆಯೆಂದು ಓದುಗರೂ ಒಮ್ಮೆ ವಿಚಾರಿಸಿದರೆ, ನಮ್ಮ ಮಕ್ಕಳು ಹಂಚಿಕೊಂಡ ಪಾಠ ಸಾರ್ಥಕವಾದೀತು.