ತಲೆಗೂ ಎದೆಗೂ ಒಂದೇ ರಸ

ಮಂಡ್ಯ ಸೀಮೆಯ ಗದ್ದೆಗೆ ಹೊಡೆಯುವ ಕೀಟನಾಶಕ ಮತ್ತು ಮರೆವಿನ ಕಾಯಿಲೆಗೆ ಕೊಡುವ ಮಾತ್ರೆ ಎರಡೂ ಮುಟ್ಟುವುದು ಒಂದೇ ಕಿಣ್ವವನ್ನು. ಆ ಕಿಣ್ವ ಕೆಲಸ ನಿಲ್ಲಿಸಿದಾಗ ಮೆದುಳು, ಹೃದಯ ಎರಡೂ ಒಟ್ಟಿಗೆ ದಾರಿ ತಪ್ಪುತ್ತವೆ.

ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಬೆಳೆಯುವವರು ಪಕ್ಕದ ಗದ್ದೆಯವರು ಯಾವತ್ತು ಔಷಧಿ ಹೊಡೆಯುತ್ತಾರೆಂದು ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಗಾಳಿ ಇತ್ತ ತಿರುಗಿ, ಭತ್ತಕ್ಕೆ ಹೊಡೆದದ್ದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದ ಹುಳುವೂ ಉಳಿಯುವುದಿಲ್ಲ. ತಲೆ ಎತ್ತಿ ಅತ್ತಿತ್ತ ಒದ್ದಾಡುತ್ತದೆ, ಬಾಯಿಂದ ರಸ ಕಾರುತ್ತದೆ, ಮೈ ಮುದುಡಿ ಸಾಯುತ್ತದೆ. ಗೂಡು ಕಟ್ಟಲು ಚಂದ್ರಿಕೆ ಏರಬೇಕಿದ್ದ ಬೆಳೆ ತಿಪ್ಪೆ ಸೇರುತ್ತದೆ.

ಹುಳುವಿನ ನರದಲ್ಲಿ ಕೆಡುವ ವ್ಯವಸ್ಥೆಯೇ ಕ್ಯಾನ್ ಬೆನ್ನಿಗೇರಿಸಿಕೊಂಡು ಔಷಧಿ ಹೊಡೆಯುವವನ ನರದಲ್ಲೂ ಇದೆ. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳಿಗೆ ಕೀಟ ಯಾವುದು, ಮನುಷ್ಯ ಯಾರು ಎಂಬ ಭೇದ ಹೆಚ್ಚೇನೂ ಇಲ್ಲ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮಾನೋಕ್ರೊಟೊಫಾಸ್ ಎಲ್ಲವೂ ಇದೇ ಗುಂಪಿನವು.

ಕಪ್ಪೆಯ ಎರಡು ಹೃದಯ

ಈ ವಿಷ ಎಲ್ಲಿ ತಗಲುತ್ತದೆ ಎಂದು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ಹೊರತೆಗೆದು, ಲವಣದ ದ್ರಾವಣದಲ್ಲಿ ಬಡಿಯಲು ಬಿಟ್ಟರು. ಒಂದಕ್ಕೆ ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ನರ ಅಂಟಿಕೊಂಡೇ ಇತ್ತು, ಇನ್ನೊಂದಕ್ಕೆ ನರವಿರಲಿಲ್ಲ. ನರಕ್ಕೆ ವಿದ್ಯುತ್ ತಾಗಿಸಿದಾಗ ಮೊದಲ ಹೃದಯ ನಿಧಾನವಾಯಿತು. ಅದು ಮುಳುಗಿದ್ದ ದ್ರಾವಣವನ್ನು ತೆಗೆದು ಎರಡನೆಯದಕ್ಕೆ ಹಾಕಿದರೆ ಅದೂ ನಿಧಾನವಾಯಿತು! ನರ ತನ್ನ ಮಾತನ್ನು ಒಂದು ರಸದ ಮೂಲಕ ಹೇಳುತ್ತದೆ ಎಂಬುದು ಹೀಗೆ ಸಾಬೀತಾಯಿತು. ಆ ರಸ ಅಸಿಟೈಲ್‌ಕೋಲಿನ್. ಅದರ ಬಗ್ಗೆ ಮೊದಲೇ ಕೆಲಸ ಮಾಡಿದ್ದ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ಲೋವಿ ಅವರಿಗೂ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೆದುಳಿನ ರಸಾಯನದ ಬಗ್ಗೆ ಇಂದು ನಡೆಯುವ ಸಂಶೋಧನೆಗೆಲ್ಲ ಬುನಾದಿ ಹಾಕಿದ್ದು ಕಪ್ಪೆಯ ಎದೆಬಡಿತ.

ರಸ ಸುರಿದರಷ್ಟೇ ಸಾಲದು, ಕೆಲಸವಾದ ಕೂಡಲೇ ಅದು ಇಲ್ಲವಾಗಬೇಕು. ವಿಶ್ವೇಶ್ವರಯ್ಯ ನಾಲೆಯ ತೂಬು ಎತ್ತಿದ ನೀರುಗಂಟಿ ಹೊತ್ತಿಗೆ ಸರಿಯಾಗಿ ಇಳಿಸದಿದ್ದರೆ ಗದ್ದೆಯ ಗತಿ ಏನಾದೀತೋ, ನರದ ಗತಿಯೂ ಅದೇ. ಇಲ್ಲಿ ತೂಬು ಇಳಿಸುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಅದು ರಸವನ್ನು ಒಡೆದು ಹಾಕುತ್ತದೆ. ಆರ್ಗನೋಫಾಸ್ಫೇಟ್ ಈ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಈ ಜಾತಿಯ ಕೀಟನಾಶಕಗಳನ್ನು 1930ರ ದಶಕದಲ್ಲಿ ಹುಡುಕುತ್ತಿದ್ದ ಜರ್ಮನಿಯ ಗೆರ್‌ಹಾರ್ಡ್ ಶ್ರಾಡರ್ ಅವರ ಕೈಗೆ ಟ್ಯಾಬುನ್ ಎಂಬ ಯುದ್ಧವಿಷವೂ ಸಿಕ್ಕಿತು. ಎರಡೂ ಒಂದೇ ಬಳಗದವು.

ಎದೆಯ ಲಯಕ್ಕೆ ತಲೆಯ ಹಿಡಿತ

ಹೃದಯ ತಾನಾಗಿಯೇ ಬಡಿಯುತ್ತದೆ. ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪು ವಿದ್ಯುತ್ತಿನ ಅಲೆ ಎಬ್ಬಿಸುತ್ತದೆ. ಯಾವ ನರದ ಹಂಗೂ ಇಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಸುತ್ತದೆ. ಕೂತಾಗ ನಮ್ಮ ನಾಡಿ 70ರ ಆಸುಪಾಸಿನಲ್ಲಿ ಇರುವುದು ವೇಗಸ್ ನರ ಸದಾ ಲಗಾಮು ಹಿಡಿದಿರುವುದರಿಂದ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನ ಉಸಿರಾಡಿ ನೋಡಿ: ಉಸಿರು ಎಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ತಗ್ಗುತ್ತದೆ. ಆರೋಗ್ಯವಂತರಲ್ಲಿ, ಅದರಲ್ಲೂ ಎಳೆಯರಲ್ಲಿ, ಇದು ಚೆನ್ನಾಗಿಯೇ ತಿಳಿಯುತ್ತದೆ.

ಈ ವಿದ್ಯುತ್ತನ್ನು ಕಾಗದಕ್ಕಿಳಿಸುವುದು ಇಸಿಜಿ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ವರ್ಷ ಹಾಲೆಂಡಿನ ವಿಲೆಮ್ ಐಂಥೋವನ್ ತಮ್ಮ ಸೂಕ್ಷ್ಮ ಗ್ಯಾಲ್ವನೋಮೀಟರಿನಲ್ಲಿ ಹಿಡಿದ ಮನುಷ್ಯನ ಹೃದಯದ ವಿದ್ಯುತ್ ರೇಖೆಯನ್ನು ಪ್ರಕಟಿಸಿದರು. ಇಂದು ಆ ರೇಖೆ ತೆಗೆಯುವ ಯಂತ್ರ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಸಲಹೆ ಕೊಡುತ್ತಾರೆ.

ವಿಷ ಏರಿದವರ ಇಸಿಜಿಗೂ ಅದರದೇ ಕಥೆ ಇರುತ್ತದೆ. ಲಗಾಮು ಬಿಗಿಯಾಗಿ ನಾಡಿ 40ಕ್ಕೂ ಇಳಿಯಬಹುದು. ಕೆಲವರಲ್ಲಿ ಮೊದಮೊದಲು ಓಡಲೂಬಹುದು, ಏಕೆಂದರೆ ಅದೇ ರಸ ಚುರುಕುಗೊಳಿಸುವ ನರಗಳನ್ನೂ ಕೆರಳಿಸುತ್ತದೆ. ಕ್ಯುಟಿ ಎಂಬ ಅಂತರ ಉದ್ದವಾದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರತೊಡಗುವ ಭಯ. ಅದೇ ಹೊತ್ತಿಗೆ ಮೆದುಳಿನಲ್ಲಿ ಗಾಬರಿ, ಗೊಂದಲ, ಫಿಟ್ಸ್, ಕೊನೆಗೆ ಪ್ರಜ್ಞೆ ತಪ್ಪುವುದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಶ್ವಾಸಕೋಶದಲ್ಲಿ ನೀರು. ಹೆಚ್ಚಿನವರ ಪ್ರಾಣ ಹೋಗುವುದು ಉಸಿರು ನಿಂತು.

ಸುಳ್ವಾಡಿಯ ಆ ದಿನ

ಮಳವಳ್ಳಿಯಿಂದ ಕಾವೇರಿ ದಾಟಿದರೆ ಕೊಳ್ಳೇಗಾಲ, ಅಲ್ಲಿಂದ ಮುಂದೆ ಹನೂರು ತಾಲ್ಲೂಕಿನ ಸುಳ್ವಾಡಿ. 2018ರ ಡಿಸೆಂಬರ್ 14ರಂದು ಅಲ್ಲಿನ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರು ಒಬ್ಬೊಬ್ಬರಾಗಿ ಕುಸಿದರು. ಅನ್ನದಲ್ಲಿ ಬೆರೆತಿದ್ದದ್ದು ಮಾನೋಕ್ರೊಟೊಫಾಸ್. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಕೊಳ್ಳೇಗಾಲದಿಂದ ಮೈಸೂರಿನವರೆಗೆ ಸಾಲುಗಟ್ಟಿ ಓಡಿದ ಆಂಬುಲೆನ್ಸ್‌ಗಳು, ವೆಂಟಿಲೇಟರಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ನಡೆದ ಹುಡುಕಾಟ ಈ ಭಾಗದ ಜನಕ್ಕೆ ಇನ್ನೂ ನೆನಪಿದೆ.

ಇದಕ್ಕೆ ಹಿಂದಿನ ಪಾಠಗಳೂ ಇದ್ದವು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಕೆಟ್ಟ ಆಹಾರಧಾನ್ಯ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಆ ದುರಂತವಿದೆ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತದ್ದೂ ಮಾನೋಕ್ರೊಟೊಫಾಸ್‌ನಿಂದಲೇ. ಅದರ 36 ಎಸ್‌ಎಲ್ ದ್ರವರೂಪವನ್ನು ನಿಲ್ಲಿಸಲು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2023ರಲ್ಲಿ, ಅದೂ ದಾಸ್ತಾನು ತೀರಿಸಲು ಒಂದು ವರ್ಷದ ಗಡುವು ಕೊಟ್ಟು. ಶ್ರೀಲಂಕಾ ಇದೇ ವಿಷವನ್ನು 1995ರಲ್ಲೇ ನಿಲ್ಲಿಸಿತ್ತು. ಹೀಗೆ ಒಂದೊಂದಾಗಿ ಘೋರ ವಿಷಗಳನ್ನು ಅಂಗಡಿಯಿಂದ ತೆಗೆದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಬೆಳೆಯ ಇಳುವರಿ ಕುಗ್ಗಲಿಲ್ಲ. 2015ರಲ್ಲಿ ಕಬ್ಬಿನ ಬಾಕಿ, ಸಾಲದ ಹೊರೆಯ ನಡುವೆ ರೈತರ ಸಾವುಗಳನ್ನು ಸಾಲುಸಾಲಾಗಿ ಕಂಡ ಮಂಡ್ಯಕ್ಕೆ ಈ ಲೆಕ್ಕ ಅರ್ಥವಾಗಬೇಕು. ಬೇಸತ್ತ ಗಳಿಗೆ ಸಾಮಾನ್ಯವಾಗಿ ದಾಟಿ ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಅದೇ ಕಿಣ್ವ, ಮರೆವಿಗೆ ಮಾತ್ರೆ

ವಿಷ ಮುಟ್ಟುವ ಜಾಗವನ್ನೇ ಔಷಧವೂ ಮುಟ್ಟಬಹುದು. 1970ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು, ಆಲ್‌ಝೈಮರ್ ಕಾಯಿಲೆಯಿಂದ ತೀರಿಕೊಂಡವರ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಶಕ್ತಿಯೇ ಕುಂದಿರುವುದನ್ನು ಕಂಡರು. ಇರುವ ಅಲ್ಪ ರಸ ತುಸು ಹೊತ್ತು ಉಳಿಯಲೆಂದು ಕಿಣ್ವವನ್ನು ಮೆಲ್ಲಗೆ ತಡೆಯುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಬಂದವು. ಇವು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಲ್ಲಿ ನೆನಪನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ. ಆದರೆ ತಲೆಗೆಂದು ನುಂಗಿದ ಮಾತ್ರೆ ಎದೆಗೂ ತಲುಪುತ್ತದೆ. ನಾಡಿ ತೀರಾ ನಿಧಾನವಾಗಿ ಅಜ್ಜ ಅಜ್ಜಿಯರು ತಲೆಸುತ್ತಿ ಬೀಳುವುದುಂಟು. ಹಾಗಾಗಿ ಮೊದಲೇ ಹೃದಯದ ತೊಂದರೆ ಇರುವವರಿಗೆ ವೈದ್ಯರು ಇಸಿಜಿ ನೋಡಿ, ಬಿಪಿಗೆ ತೆಗೆದುಕೊಳ್ಳುವ ಬೇರೆ ಮಾತ್ರೆಗಳನ್ನು ವಿಚಾರಿಸಿ ಇದನ್ನು ಬರೆದುಕೊಡುತ್ತಾರೆ. ತಲೆ, ಎದೆ ಎರಡನ್ನೂ ಒಟ್ಟಿಗೆ ನೋಡುವ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳು, ನೆನಪು, ಹೃದಯದ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿದೆ.

ಮೊದಲ ಗಂಟೆ, ಮೂರನೇ ದಿನ

ಆರ್ಗನೋಫಾಸ್ಫೇಟ್ ವಿಷಕ್ಕೆ ಮುಖ್ಯ ಮದ್ದು ಅಟ್ರೋಪಿನ್. ಹಳೆಯದು, ಬೆಲೆ ಕಡಿಮೆ. ನಮ್ಮ ಬೇಲಿಸಾಲಿನ ಉಮ್ಮತ್ತಿ ಗಿಡದಲ್ಲೂ ಈ ಅಂಶವಿದೆ, ಆದರೆ ಅದರ ಕಾಯಿ ಬೀಜ ಔಷಧವಲ್ಲ, ಇನ್ನೊಂದು ವಿಷ. ಅಟ್ರೋಪಿನ್ ಕಿಣ್ವವನ್ನು ಸರಿಮಾಡುವುದಿಲ್ಲ. ಹೆಚ್ಚಾದ ರಸ ಹೃದಯ, ಶ್ವಾಸಕೋಶಗಳ ಮೇಲೆ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿಸುತ್ತ, ಎದೆಯ ಗೊರಗೊರ ನಿಂತು ನಾಡಿ 80 ದಾಟುವವರೆಗೆ ಕೊಡುವ ಕ್ರಮ ಹಳೆಯ ಪದ್ಧತಿಗಿಂತ ಹೆಚ್ಚು ಜೀವ ಉಳಿಸಿತೆಂದು ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಟ್ರೋಪಿನ್ ಅತಿಯಾದರೆ ರೋಗಿ ಜ್ವರ ಬಂದು ಕನವರಿಸುತ್ತಾನೆ, ಹೊದಿಕೆ ಕೀಳುತ್ತಾನೆ, ಆಗ ಇಳಿಸಬೇಕು. ಪಕ್ಕದಲ್ಲಿ ಕೂತು ನೋಡುವ ಸಿಬ್ಬಂದಿ ಬೇಕೆನ್ನುವುದು ಇದಕ್ಕೇ. ಕಿಣ್ವದಿಂದ ವಿಷ ಬಿಡಿಸುವ ಪ್ರಾಲಿಡಾಕ್ಸಿಮ್ ಬಗ್ಗೆ ಮಾತ್ರ ಒಮ್ಮತವಿಲ್ಲ. ಮಹಾರಾಷ್ಟ್ರದ ಬಾರಾಮತಿಯ 2006ರ ಅಧ್ಯಯನ ಅದನ್ನು ಮೆಚ್ಚಿತು, ಶ್ರೀಲಂಕಾದ 2009ರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ.

ಮನೆಯವರು ತಿಳಿದಿರಬೇಕಾದ್ದು ಕೆಲವೇ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ಕೇಡು ಇಮ್ಮಡಿ. ಬಟ್ಟೆ ಕಳಚಿ ಸೋಪುನೀರಿನಲ್ಲಿ ಮೈ ತೊಳೆಯಬೇಕು, ಎಡ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು, ಬಾಟಲಿಯನ್ನು ಜೊತೆಗೆ ಒಯ್ಯಬೇಕು. ಎರಡು ದಿನ ಕಳೆದು ಎದ್ದು ಕೂತವರನ್ನು ಹಟ ಮಾಡಿ ಮನೆಗೆ ಕರೆತರುವುದೂ ಅಪಾಯ. ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯು ಸೋತು, ದಿಂಬಿನಿಂದ ತಲೆ ಎತ್ತಲಾಗದೆ, ಉಸಿರು ಕೈಕೊಡುವ ಸ್ಥಿತಿಯೊಂದನ್ನು ಶ್ರೀಲಂಕಾದ ವೈದ್ಯರು 1987ರಲ್ಲೇ ಗುರುತಿಸಿದ್ದಾರೆ. ಮನಸ್ಸು ಕುಗ್ಗಿದವರಿಗೆ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಹಗಲಿರುಳು ಕನ್ನಡದಲ್ಲೇ ಮಾತನಾಡಬಹುದು.

ಎದೆನೋವಿನವರ ಇಸಿಜಿ ತಾಲ್ಲೂಕಿನಿಂದ ತಜ್ಞರಿಗೆ ಹೋಗುವ ದಾರಿ ಈಗ ಇದೆ. ವಿಷ ಸೇವಿಸಿದವರ ಇಸಿಜಿಯೂ ಅದೇ ದಾರಿಯಲ್ಲಿ ಹೋಗಲಿ. ಮಂಡ್ಯಕ್ಕೋ ಮೈಸೂರಿಗೋ ಕಳಿಸುವ ಮುನ್ನ ಮದ್ದೂರು, ಮಳವಳ್ಳಿಯಲ್ಲೇ ಅಟ್ರೋಪಿನ್ ಮತ್ತು ಆಮ್ಲಜನಕ ಶುರುವಾಗಲಿ. ಕೆಂಪು ತ್ರಿಕೋನದ ಗುರುತಿರುವ ವಿಷದ ಬಾಟಲಿ ಅಟ್ಟದ ಮೇಲಿನಿಂದ ಬೀಗದ ಪೆಟ್ಟಿಗೆಗೆ ಹೋಗಲಿ, ಅಂಗಡಿಯಿಂದಲೇ ಹೋದರೆ ಇನ್ನೂ ಒಳಿತು. ಇದಕ್ಕೆ ಬೇಕಾದ ವಿಜ್ಞಾನ ತಿಳಿದು ಬಹಳ ಕಾಲವಾಗಿದೆ. ಉಳಿದಿರುವುದು ಔಷಧಿಯ ದಾಸ್ತಾನು, ಸಿಬ್ಬಂದಿಯ ತರಬೇತಿ ಮತ್ತು ಕೃಷಿ ಇಲಾಖೆ, ಆರೋಗ್ಯ ಇಲಾಖೆ ಒಂದೇ ಮೇಜಿಗೆ ಬಂದು ಕೂರುವ ಕೆಲಸ.