ಮಾಡಿನಿಂದ ಇಳಿದ ಹೆಂಚು

ಚೆರ್ಕಳದಿಂದ ಕಲ್ಲಡ್ಕದ ಕಡೆಗೆ ಹೋಗುವ ದಾರಿಯಲ್ಲಿ ಎಡನೀರು ಸಿಗುತ್ತದೆ. ಇಲ್ಲಿನ ಆಸುಪಾಸಿನ ಹಳೆಯ ಮನೆಗಳ ಗೋಡೆ ಊರಿನದೇ ಮುರಕಲ್ಲು. ಮಾಡು ಮಾತ್ರ ಕಾರ್ಖಾನೆಯದು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು. ಮುಳಿಹುಲ್ಲು ಹೊದೆಸುತ್ತಿದ್ದ ಮನೆಗಳಿಗೆ ಕ್ರಮೇಣ ಹೆಂಚು ಏರಿತು. ಈಗ ಅದೇ ಹೆಂಚು ತಾರಸಿಗೆ ಜಾಗ ಬಿಟ್ಟು ಇಳಿಯುತ್ತಿದೆ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಅಗಲೀಕರಣಕ್ಕೂ ಕಟ್ಟಡಗಳು ಉರುಳಿವೆ. ಆವೆಯಲ್ಲಿ ಸೌದೆ ಉರಿಸಿ ಸುಟ್ಟ ಮಣ್ಣು ಈ ಹೆಂಚು. ಅದನ್ನು ಪುಡಿಮಾಡಿ ಗುಂಡಿಗೆ ತುಂಬುವುದು ನನಗೆ ಸಂಕಟದ ಸಂಗತಿ.

ಪರಿಸರಸ್ನೇಹಿ ಮನೆ ಕಟ್ಟಬೇಕೆನ್ನುವವರು ಮರುಬಳಕೆಯ ಸಾಮಗ್ರಿಗಾಗಿ ದೂರದ ಊರುಗಳಲ್ಲಿ ವಿಚಾರಿಸುತ್ತಾರೆ. ಎಡನೀರಿನಂಥ ಊರಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಯಾರ ಮನೆ ಸದ್ಯದಲ್ಲೇ ಕೆಡವುತ್ತಾರೆ ಎಂದು. ಜೆಸಿಬಿ ಬರುವ ಮೊದಲೇ ಮಾತಾಡಿ, ಕೈಯಿಂದ ಹೆಂಚು ಇಳಿಸಲು ಅವಕಾಶ ಕೇಳಬೇಕು. ಜೊತೆಗೆ ಪಕ್ಕಾಸು, ರೀಪು, ಬಾಗಿಲ ದಾರಂದವೂ ಸಿಗಬಹುದು. ಗುಜರಿಗೆ ಸೇರಿದ ಮೇಲೆ ಬೆಲೆಯೂ ಏರುತ್ತದೆ, ಒಡಕೂ ಹೆಚ್ಚುತ್ತದೆ. ಅಲ್ಲಿ ಹಳೆಯ ಆಸ್ಬೆಸ್ಟಾಸ್ ಶೀಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು: ಕೊರೆದಾಗ, ಒಡೆದಾಗ ಹಾರುವ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ.

ಹೆಂಚಿನ ಬೆನ್ನಿನ ಮೇಲೆ 1865 ಎಂದಿದ್ದರೆ ಅದು ಅಷ್ಟು ಹಳೆಯದೆಂದು ನಂಬಿ ಹೆಚ್ಚು ಹಣ ಕೊಡಬೇಡಿ. ಅದು ಕಾರ್ಖಾನೆ ಹುಟ್ಟಿದ ವರ್ಷ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನಬೇಕು. ಸದ್ದು ಮಂಕಾಗಿದ್ದರೆ ಒಳಗೆ ಬಿರುಕಿರುತ್ತದೆ. ಒಣಗಿದ ಹೆಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ಭಾರತೀಯ ಮಾನಕದ ಪ್ರಕಾರ ಹೀರಿದ ನೀರು ಉತ್ತಮ ದರ್ಜೆಯಲ್ಲಿ 18, ಎರಡನೆಯದರಲ್ಲಿ 20 ಶೇಕಡಾ ಮೀರಬಾರದು. ಅಂದರೆ ಎರಡೂವರೆ ಕಿಲೊದ ಹೆಂಚು ನೆನೆದ ಮೇಲೂ ಮೂರು ಕಿಲೊ ದಾಟಬಾರದು. ಮತ್ತೆ ಮಾಡಿಗೇ ಹೊದೆಸುವುದಾದರೆ ಎಲ್ಲವೂ ಒಂದೇ ಕಾರ್ಖಾನೆಯದಾಗಿರಲಿ; ಬೇರೆಬೇರೆ ಅಚ್ಚಿನವು ಒಂದಕ್ಕೊಂದು ಸರಿಯಾಗಿ ಕೂರದೆ ಮಳೆನೀರು ಸೋರುತ್ತದೆ.

ಅಂಚು ಮುರಿದು ಮಾಡಿಗೆ ಬೇಡವಾದವಕ್ಕೂ ಕೆಲಸವಿದೆ. ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬಿನ ಲೆಕ್ಕ ಸರಳ. ತಾರಸಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಪದರ ಅದುಮಿಕೊಳ್ಳುತ್ತದೆ, ಕೆಳಪದರ ಹಿಗ್ಗುತ್ತದೆ. ಅದುಮುವಿಕೆಯನ್ನು ಕಾಂಕ್ರೀಟು ತಡೆಯುತ್ತದೆ. ಎಳೆತವನ್ನು ತಡೆಯುವುದು ಕಬ್ಬಿಣ. ಹಾಗಾಗಿ ಕೆಳಪದರದಲ್ಲಿ ಸರಳುಗಳ ನಡುವಿನ ಕಾಂಕ್ರೀಟು ಹೆಚ್ಚೂಕಡಿಮೆ ಬರೀ ಭಾರ. ಆ ಜಾಗಕ್ಕೆ ಹೆಂಚಿಟ್ಟರೆ ಸಿಮೆಂಟು ಉಳಿಯುತ್ತದೆ, ತಾರಸಿ ಹಗುರಾಗುತ್ತದೆ. ಎರಡು ಹೆಂಚುಗಳನ್ನು ಜೋಡಿಯಾಗಿಟ್ಟರೆ ನಡುವೆ ಉಳಿಯುವ ಗಾಳಿ ಬಿಸಿಲಿನ ಕಾವನ್ನೂ ತಡೆಯುತ್ತದೆ.

ಕಾಂಕ್ರೀಟು ಹಾಕುವ ಮೊದಲು ಹೆಂಚನ್ನು ಚೆನ್ನಾಗಿ ನೆನೆಸಿರಬೇಕು, ಇಲ್ಲವಾದರೆ ಅದು ಕಾಂಕ್ರೀಟಿನ ನೀರನ್ನೇ ಕುಡಿದುಬಿಡುತ್ತದೆ. ಸರಳುಗಳ ಅಂತರವನ್ನು ಎಂಜಿನಿಯರರೇ ಲೆಕ್ಕಹಾಕಬೇಕು. ಗೋಡೆ, ತೊಲೆಗಳ ಹತ್ತಿರ ಮತ್ತು ಹೊರಚಾಚಿದ ಸಜ್ಜದಲ್ಲಿ ಹೆಂಚು ಇಡಬಾರದು; ಅಲ್ಲಿ ಎಳೆತ ಬೀಳುವುದು ಮೇಲ್ಪದರಕ್ಕೆ, ಅದುಮುವಿಕೆಯನ್ನು ತಾಳಬೇಕಾದದ್ದು ಕೆಳಗಿನ ಕಾಂಕ್ರೀಟು.